ಮೂರನೇ ಚಿಪ್ಪಿಗೆ ಮೂರನೇ ಚಿಪ್ಪು

ಮೊನ್ನೆ ಮೊಣಕಾಲು ತೋರಿಸಲು ಕಲಬುರಗಿಗೆ ಹೋಗಿದ್ದೆ. ಸೇಡಂ ರಸ್ತೆಯ ಡಾಕ್ಟರು ಮೊಣಕಾಲನ್ನು ಎರಡು ಕಡೆ ಒತ್ತಿ ನೋಡಿ, "ವಯಸ್ಸಾಗ್ಯಾದ ಅಮ್ಮಾ" ಎಂದರು. ಇಷ್ಟು ಹೇಳಿಸಿಕೊಳ್ಳಲು ಕಮಲಾಪುರದಿಂದ ಬಸ್ ಹತ್ತಿ ಬರಬೇಕಿತ್ತೇ ಎಂದು ಬೈದುಕೊಳ್ಳುತ್ತ ಹೊರಬಿದ್ದೆ. ಆಟೋದವನು ದೊಡ್ಡ ರಸ್ತೆಯಲ್ಲಿ ಗದ್ದಲವೆಂದು ಒಳಗಿನ ಓಣಿಗೆ ತಿರುಗಿಸಿದ. ಅಲ್ಲಿ ಹಸಿರು ಗೇಟಿನ ಆ ಮನೆ ಕಂಡಿತು. ಹೊರಗಿನಿಂದ ಮಾಳಿಗೆಗೆ ಹತ್ತುವ ಕಬ್ಬಿಣದ ಮೆಟ್ಟಿಲು ಹಾಗೇ ಇದೆ. ಮೇಲಿನ ಕೋಣೆಯ ಕಿಟಕಿಗೆ ಈಗ ಕೂಲರ್ ಕೂಡಿಸಿದ್ದಾರೆ. ನಾನು ಮತ್ತು ನನ್ನ ಕಿರಿಸೊಸೆ ಸುಜಾತಾ ಒಂದು ಬೇಸಿಗೆ ಅಲ್ಲಿದ್ದಾಗ ಕೂಲರ್ ಇರಲಿಲ್ಲ. ಒಂದು ಫ್ಯಾನ್ ಇತ್ತು. ಅದು ಮೇಲಿನ ಬಿಸಿಯನ್ನು ಕೆಳಗೆ ತಳ್ಳುತ್ತಿತ್ತು, ಅಷ್ಟೇ.

ಆಟೋ ನಿಲ್ಲಿಸಲು ಹೇಳಲಿಲ್ಲ. ಮೂರು ವರ್ಷದ ಹಿಂದಿನ ಬೇಸಿಗೆಯನ್ನು ನಿಂತು ನೋಡಿದರೆ ಮೊಣಕಾಲು ನೆಟ್ಟಗಾಗುವುದಿಲ್ಲ. ಆದರೆ ಕಮಲಾಪುರ ಮುಟ್ಟುವವರೆಗೂ ಅದೇ ತಲೆಯಲ್ಲಿತ್ತು.

ಆಗ ಸುಜಾತಾ ನಮ್ಮ ಕಮಲಾಪುರದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದಳು. ಮದುವೆಗೆ ಮುಂಚೆ ಪಿಯುಸಿ ಮುಗಿಸಿದ್ದಳು. ನಮ್ಮ ಮನೆಗೆ ಬಂದು ಎರಡು ಮಕ್ಕಳಾದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ.ಗೆ ಕಟ್ಟಿದಳು. ಎಲ್ಲ ಪೇಪರೂ ಪಾಸಾದವು, ಕನ್ನಡ ಪ್ರಬಂಧದ ಪೇಪರ್ ಒಂದನ್ನು ಬಿಟ್ಟು. ಅದರಲ್ಲಿ ಎರಡು ಸಲ ಬಿದ್ದಳು. ಶಾಲೆಯವರು ಕಡ್ಡಿ ಮುರಿದಂತೆ ಹೇಳಿದರು: ದಸರಾ ರಜೆ ಮುಗಿಯುವುದರೊಳಗೆ ಡಿಗ್ರಿ ಪಾಸಾದ ಕಾಗದ ತಂದರೆ ಸರಿ, ಇಲ್ಲದಿದ್ದರೆ ಬೇರೆ ಟೀಚರನ್ನು ತೆಗೆದುಕೊಳ್ಳುತ್ತೇವೆ.

ನನ್ನ ಇಬ್ಬರು ಗಂಡುಮಕ್ಕಳೂ ಬಾಳೆತೋಟ ನೋಡಿಕೊಳ್ಳುವವರು. "ಹೋದ್ರ ಹೋಗ್ಲಿ ಬಿಡು" ಎಂದರು. ಅವರಿಗೇನು? ನಿದ್ದೆಯಲ್ಲಿ ಮೂರನೇ ತರಗತಿಯ ಹಾಜರಿ ಕೂಗುತ್ತಿದ್ದವಳು ಸುಜಾತಾ. ಪಕ್ಕದ ಕೋಣೆಯಲ್ಲಿ ಮಲಗಿ ಅದನ್ನು ಕೇಳುತ್ತಿದ್ದವಳು ನಾನು. ಒಂದು ಕೂಸಿನ ಹೆಸರು ಕರೆದು ಸ್ವಲ್ಪ ಹೊತ್ತು ತಡೆಯುತ್ತಿದ್ದಳು, ಉತ್ತರ ಬರಲಿ ಎಂದು.

ಕಲಬುರಗಿಯಲ್ಲಿ ನಸೀಮಾ ಮೇಡಂ ಎಂಬವರಿದ್ದಾರೆ, ಕಾಲೇಜಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು, ಬಿದ್ದವರನ್ನು ಎಬ್ಬಿಸಿ ನಿಲ್ಲಿಸುತ್ತಾರೆ ಎಂದು ಯಾರೋ ಹೇಳಿದರು. ಅವರ ಮಾಳಿಗೆಯ ಕೋಣೆಯೂ ಖಾಲಿ ಇತ್ತು. ಮನೆಯಲ್ಲಿದ್ದರೆ ಒಲೆ, ಮಕ್ಕಳು, ಬಂದವರು ಹೋದವರು, ಓದು ಆಗುವುದಿಲ್ಲ. ಎರಡು ತಿಂಗಳು ಅಲ್ಲಿರುತ್ತೇನೆ ಎಂದು ಸುಜಾತಾ ಹಟ ಹಿಡಿದಳು. ಮನೆಯ ಸೊಸೆ ಒಬ್ಬಳೇ ಶಹರದಲ್ಲಿದ್ದರೆ ಜನ ಏನೆನ್ನುತ್ತಾರೆ ಎಂದು ನನ್ನನ್ನು ಜೊತೆಗೆ ಕಳಿಸಿದರು. ಅಡುಗೆಗೆಂದು ಹೇಳಿದರು. ಖರೆ ಹೇಳಬೇಕೆಂದರೆ ನಾನು ಕಾವಲಿಗೆ ಹೋದೆ.

ಅವಳ ಮಕ್ಕಳನ್ನು ಹಿರಿಸೊಸೆ ಕಸ್ತೂರಿ ನೋಡಿಕೊಂಡಳು. ಕಸ್ತೂರಿ ಕೈ ಆಡಿಸಿದರೆ ನಮ್ಮ ಮನೆ ನಡೆಯುತ್ತದೆ. ಅವಳು ಬಡಿದ ರೊಟ್ಟಿ ತಾಟಿನ ಅಳತೆಗೆ ಕೂಡುತ್ತದೆ. ಸುಜಾತಾಳದು ಎಮ್ಮೆಯ ಕಿವಿ. ಈ ಮಾತನ್ನು ನಾನು ದಿನಕ್ಕೊಮ್ಮೆಯಾದರೂ ಆಡುತ್ತಿದ್ದೆ. ಆಡಬಾರದೆಂದು ಯಾರೂ ಹೇಳಿರಲಿಲ್ಲ.

ಮೇಡಂ ತೆಳ್ಳಗಿನ ಹೆಂಗಸು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು. ಮೊದಲ ದಿನ ಅವರ ಪಡಸಾಲೆಯ ಬಾಗಿಲ ಬಳಿ ಕೂತು ನಾನೂ ಕೇಳಿಸಿಕೊಂಡೆ. ಸುಜಾತಾಳನ್ನು ಬೀಳಿಸುತ್ತಿದ್ದದ್ದು ಒಂದೇ ಪ್ರಶ್ನೆ, ಹೆಚ್ಚು ಅಂಕದ್ದು. ಎರಡು ವಿಷಯ ಕೊಡುತ್ತಾರೆ. ಅವು ಎಲ್ಲಿ ಒಂದೇ, ಎಲ್ಲಿ ಬೇರೆ, ನೋಡಿ ಏನು ತಿಳಿಯಿತು ಎಂದು ಬರೆಯಬೇಕು. ಹೋಲಿಕೆ ಪ್ರಬಂಧ ಎಂದು ಅದರ ಹೆಸರು. ಇದಕ್ಕೆ ಒಂದು ಪರೀಕ್ಷೆ ಬೇರೆ ಬೇಕೇ ಎಂದು ನನಗೆ ನಗು ಬಂತು. ಹೋಲಿಸುವುದನ್ನು ನಾನು ಯಾವ ಶಾಲೆಯಲ್ಲಿ ಕಲಿತೆ?

ಸುಜಾತಾ 'ಹಳ್ಳಿ ಮತ್ತು ನಗರ' ಬರೆದು ಕೊಟ್ಟಳು. ಮೇಡಂ ಓದಿದರು. ಕನ್ನಡಕ ತೆಗೆದರು.

"ಹಳ್ಳಿಗೆ ಒಂದು ಪುಟ ಬರದೀ. ಶಹರಕ್ಕ ಒಂದು ಪುಟ ಬರದೀ. ಎರಡಕ್ಕೂ ಎಲ್ಲೂ ಭೇಟಿನೇ ಆಗಿಲ್ಲ. ಇದು ಹೋಲಿಕಿ ಅಲ್ಲಮ್ಮ, ಒಂದೇ ಹಾಳಿ ಮ್ಯಾಲ ಎರಡು ಮನಿ ಲಗ್ನಪತ್ರಿಕಿ."

ಮೇಲೆ ಬಂದು ಸುಜಾತಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳಿದರೆ ಪಾಸಾಗುತ್ತಾರೆಯೇ? ನೀರಿನ ಕೊಡ ತುಂಬಿಸಿಟ್ಟೆ.

ಕೂತು ಉಣ್ಣುವುದು ನನಗೆ ಬಾರದು. ಪ್ರತಿ ಸೋಮವಾರ ಮೊದಲ ಬಸ್ಸಿಗೆ ಊರಿಗೆ ಹೋಗಿ ಒಂದು ಬುಟ್ಟಿ ಕೆಂಪು ಬಾಳೆ ತಂದು ಮರುದಿನ ನಸುಕಿಗೇ ಓಣಿಯ ಮೂಲೆಯಲ್ಲಿ ಮಾರಲು ಕೂಡುತ್ತಿದ್ದೆ. ಕಮಲಾಪುರವೆಂದರೆ ಕೆಂಪು ಬಾಳೆ. ಅದನ್ನು ಬೆಳೆದು ಮಾರಿಯೇ ನನ್ನ ಕೂದಲು ಬೆಳ್ಳಗಾದದ್ದು. ಬಿಸಿಲು ಏರುವ ಮುಂಚೆ ಬುಟ್ಟಿ ಖಾಲಿಯಾಗುತ್ತಿತ್ತು. ಒಂದು ಬೆಳಿಗ್ಗೆ ಮೇಡಂ ಬಂದು ಒಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಮ್ಮಾ, ಹಳದಿ ಬಾಳಿಗಿಂತ ಇದರಾಗ ಏನ್ ಹೆಚ್ಚು ಅದ?"

"ಏನ್ ಹೆಚ್ಚು ಅಂತೀರಿ? ಹಳದಿದು ಬರೇ ನೀರ್ರೀ. ತಿಂದ ಬಾಯಿಗೆ ತಿಂದೀನಿ ಅನ್ನೋದು ಸುದ್ದಾ ಗೊತ್ತಾಗಂಗಿಲ್ಲ. ಇದು ಒಂದು ತಿಂದ್ರ ಮಧ್ಯಾಹ್ನತನ ಹೊಟ್ಟಿ ಸುಮ್ನಿರ್ತದ. ಅದು ಸಂತಿ ಮಾಲು, ಇದು ಮನೆತನದ ಮಾಲು."

ಮೇಡಂ ನಕ್ಕು, ಹಿಂದೆ ನಿಂತಿದ್ದ ಸುಜಾತಾಳಿಗೆ, "ನಿಮ್ಮತ್ತಿ ಹೇಳಿದ್ದನ್ನ ಬರಿ ನೋಡೋಣ" ಎಂದರು.

ಅವಳು ಬರೆದಳು. ನಾನು ಹೇಳಿದ್ದಕ್ಕೆ ಇನ್ನೂ ಉಪ್ಪು ಖಾರ ಸೇರಿಸಿ ಬರೆದಳು. ಸಂಜೆ ಮೇಡಂ ಓದಿ ನನ್ನನ್ನೂ ಕರೆದರು.

"ಇದೂ ಹೋಲಿಕಿ ಅಲ್ಲ. ಹಳದಿ ಬಾಳಿ ಮ್ಯಾಲ ಪೊಲೀಸ್ ಕಂಪ್ಲೇಂಟ್. ಅಮ್ಮಾ, ನಿಮಗ ಬೇಕಾದ್ದೇ ಗೆಲ್ಲಲಿ, ನಂದೇನ್ ತಕರಾರಿಲ್ಲ. ಆದ್ರ ಇನ್ಸಾಫ್ ಇರಬೇಕು, ನ್ಯಾಯ ಇರಬೇಕು. ಸೋಲೋದಕ್ಕೂ ಮಾತಾಡಾಕ ಜಾಗ ಕೊಡಬೇಕು."

"ಹಳದಿ ಬಾಳಿ ಏನ್ ಮಾತಾಡ್ತದ್ರಿ?" ಎಂದು ನಾನು ಎದ್ದುಬಂದೆ. ನನ್ನ ಹಣ್ಣಿನ ವಿಷಯ ನನಗೇ ಹೇಳಿಕೊಡುವಷ್ಟು ಮೇಡಂ ಏನು ಬೆಳೆದಿದ್ದರು? ಅಂಗಳದ ತೊಟ್ಟಿಯಲ್ಲಿ ಒಂದು ಕರಿಬೇವು.

ಆದರೆ ಮಾತು ಚುಚ್ಚಿಕೊಂಡು ಕೂತಿತು. ಮರುದಿನ ಸಂಜೆ ಮಾಳಿಗೆಯ ಮೇಲೆ ನೀರು ಹೊಡೆದು ಚಾಪೆ ಹಾಸಿದೆವು. ಸುಮ್ಮನೆ ಕೂಡಲಾಗದೆ ನಾನು ಹಳೆಯದೊಂದು ಹೇಳತೊಡಗಿದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ತೋಟಕ್ಕೆ ಒಬ್ಬ ದಲಾಲಿ ಬರುತ್ತಿದ್ದ. ಬಾಳೆಗೊನೆಯಲ್ಲಿ ಮೇಲಿನ ಚಿಪ್ಪು ದಪ್ಪ, ಕೆಳಗಿಳಿದ ಹಾಗೆ ಸಣ್ಣ. ಯಾವ ಗೊನೆಯಾದರೂ ಅಷ್ಟೇ. ಅವನು ಪಕ್ಕದ ತೋಟದ ಗೊನೆಯಿಂದ ಮೊದಲನೇ ಚಿಪ್ಪು ಕೊಯ್ದು ತಂದು ನಮ್ಮ ಗೊನೆಯ ಕೊನೆಯ ಚಿಪ್ಪಿಗೆ ಹಿಡಿದು, "ನಿಮ್ಮದು ಬಡಕಲು" ಎನ್ನುತ್ತಿದ್ದ. ನಮ್ಮತ್ತೆ ಒಂದು ದಿನ ಅವನ ಕೈ ಹಿಡಿದರು. "ಮೂರನೇ ಚಿಪ್ಪಿಗೆ ಮೂರನೇ ಚಿಪ್ಪು ಇಡಪಾ. ಆಮ್ಯಾಲ ಬಾಯಿ ತಗಿ" ಎಂದರು. ಅಂದಿನಿಂದ ನಮ್ಮ ತೋಟದಲ್ಲಿ ಎರಡು ಗೊನೆಯನ್ನು ಪಕ್ಕಪಕ್ಕ ತೂಗಹಾಕಿ, ಒಂದನೆಯದಕ್ಕೆ ಒಂದನೆಯದು, ಎರಡನೆಯದಕ್ಕೆ ಎರಡನೆಯದು ಇಟ್ಟು ನೋಡಿಯೇ ಮಾತು.

ಸುಜಾತಾ ಚಾಪೆಯ ಮೇಲೆ ಎದ್ದು ಕೂತಳು.

"ಅತ್ತಿ, ಇನ್ನೊಮ್ಮೆ ಹೇಳ್ರಿ."

"ಯಾಕ, ಕಿವಿ ಕೇಳಂಗಿಲ್ಲೇನು?"

"ಹೇಳ್ರಿ ಅಂದ್ರ."

ಹೇಳಿದೆ. ಅವಳು ಸುಣ್ಣದ ಕಡ್ಡಿ ತೆಗೆದುಕೊಂಡು ಮಾಳಿಗೆಯ ನೆಲದ ಮೇಲೆ ಎರಡು ಉದ್ದ ಗೆರೆ ಎಳೆದಳು. ಒಂದು ಕೆಂಪಿನದು, ಒಂದು ಹಳದಿಯದು. ಅಡ್ಡಕ್ಕೆ ಚಿಪ್ಪುಗಳು: ಹೊಲದಲ್ಲಿ ಎಷ್ಟು ದಿನ, ಆರೈಕೆ ಎಷ್ಟು, ರುಚಿ ಹೇಗೆ, ಯಾರ ಮನೆಗೆ ಹೋಗುತ್ತದೆ. ಒಂದೊಂದು ಚಿಪ್ಪಿಗೂ ಎರಡೂ ಕಡೆ ತುಂಬಬೇಕು. ಒಂದು ಕಡೆ ಖಾಲಿ ಬಿಟ್ಟರೆ ಆ ಚಿಪ್ಪೇ ಲೆಕ್ಕಕ್ಕಿಲ್ಲ. ಆಮೇಲೆ ನನ್ನನ್ನು ವಕೀಲರ ಹಾಗೆ ಕೇಳತೊಡಗಿದಳು.

"ಯಾವುದು ಲಗೂ ಬರ್ತದ್ರಿ?"

"ಹಳದಿ. ಕೆಂಪಿಗೆ ಒಂದೂವರೆ ವರ್ಷ ಕಾಯಬೇಕು."

"ಬಡವರ ಮಕ್ಕಳ ಕೈಯಾಗ ದಿನಾ ಯಾವುದು ಇರ್ತದ?"

ನಾನು ಚಾಪೆಯ ಅಂಚು ಎಳೆದು ನೆಟ್ಟಗೆ ಮಾಡಿದೆ.

"ಅತ್ತೀ?"

"ಹಳದಿ ಅಂತ ಬರಕೋ."

ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮಗ್ಗುಲಲ್ಲೇ ಕೂತು ಹಳದಿ ಬಾಳೆ ಮಾರುತ್ತಿದ್ದ ಹೆಂಗಸಿಗೆ ಈ ಮಾತನ್ನು ನಾನು ಒಂದು ದಿನವೂ ಅಂದವಳಲ್ಲ.

ಬರೀ ಬೇರೆ ಬೇರೆ ಎಂದು ಬರೆದರೂ ಆಗದು, ಎಲ್ಲಿ ಒಂದೇ ಎನ್ನುವುದೂ ಬೇಕು ಎಂದು ಮೇಡಂ ಹೇಳಿದ್ದರು. ಸುಜಾತಾ ಬಹಳ ಹೊತ್ತು ಯೋಚಿಸಿ ಒಂದು ಬರೆದಳು: ಎರಡೂ ಒಂದೇ ಸಲ ಗೊನೆ ಕೊಡುವ ಗಿಡ, ಎರಡೂ ಸಾಯುವ ಮುಂಚೆ ಪಕ್ಕದಲ್ಲಿ ಮರಿ ಬಿಟ್ಟು ಹೋಗುತ್ತವೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳೇ ಕಂಡುಕೊಂಡದ್ದು.

ಮೇಡಂ ಈ ಸಲ ಎರಡು ಸಲ ಓದಿದರು. "ಈಗ ದಾರಿಗೆ ಬಂದಿ" ಎಂದರು. ಆದರೆ ಕೊನೆಯ ಸಾಲಿಗೆ ಕೆಂಪು ಗೆರೆ ಹೊಡೆದರು. "ಎರಡೂ ಒಳ್ಳೇವೇ ಅಂತ ಮುಗಿಸೀದಿ. ಅಷ್ಟಕ್ಕ ಇಷ್ಟೊತ್ತು ತಕ್ಕಡಿ ಯಾಕ ಹಿಡಿದಿ? ತೂಗಿದ ಮ್ಯಾಲ ಏನ್ ಗೊತ್ತಾತು, ಅದನ್ನ ಹೇಳು."

ಹಾಗೆ ದಿನಕ್ಕೊಂದು ಬರೆಯತೊಡಗಿದಳು. ಬಾವಿ ಮತ್ತು ನಲ್ಲಿ. ಬಸ್ಸು ಮತ್ತು ರೈಲು. ಮಾಳಿಗೆಯ ನೆಲ ತುಂಬ ಗೆರೆಗಳು. ಒಂದು ನಸುಕಿನಲ್ಲಿ ನಾನು ಎದ್ದವಳೇ ಊರ ಮನೆಯ ರೂಢಿಯಲ್ಲಿ ನೀರು ಚೆಲ್ಲಿ ಕಸಬರಿಗೆ ತೆಗೆದುಕೊಂಡು ಮಾಳಿಗೆಯನ್ನೆಲ್ಲ ತೊಳೆದುಬಿಟ್ಟೆ. ಎದ್ದ ಕೂಡಲೇ ನೆಲ ತೊಳೆಯುವುದು ಐವತ್ತು ವರ್ಷದ ಚಟ. ಕೈ ತಾನೇ ಮಾಡಿತು. ಸುಜಾತಾ ಬಂದು ನೋಡಿದಳು. ಹಿಂದಿನ ದಿನ ಮಧ್ಯಾಹ್ನದಿಂದ ಬರೆದದ್ದು ಮೋರಿಯಲ್ಲಿ ಬೆಳ್ಳಗೆ ಹರಿಯುತ್ತಿತ್ತು.

"ಅಯ್ಯ, ಏನ್ ಮಾಡಿದ್ರಿ ಅತ್ತಿ!"

ತಪ್ಪು ನನ್ನದೇ. ಅದಕ್ಕೇ ಬಾಯಿ ಮುಂದೆ ಓಡಿತು. "ನೆಲದ ಮ್ಯಾಲ ಯಾರ್ ಬರೀ ಅಂದ್ರು ನಿನಗ? ಕಸ್ತೂರಿ ಆಗಿದ್ರ ಹಿಂಗ ಮಾಡ್ತಿದ್ದಿಲ್ಲ."

"ಕಸ್ತೂರಿ ಅಕ್ಕಗ ಪರೀಕ್ಷಾನೂ ಇಲ್ರಿ" ಎಂದಳು. ದನಿ ಏರಿಸಲಿಲ್ಲ. ಆಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಹತ್ತೊಂಬತ್ತು ಮೆಟ್ಟಿಲು ಇಳಿದು ನೀರು ತಂದಿಟ್ಟಳು, ಊಟ ಬಡಿಸಿದರೆ ಉಂಡಳು, ಓದಿದಳು.

ಆ ವಾರ ಮೇಡಂ ಕೊಟ್ಟಿದ್ದ ವಿಷಯ: ನಿನಗೆ ಹತ್ತಿರದ ಇಬ್ಬರು ಮನುಷ್ಯರು. ಅವಳು ಬರೆದು ಮುಗಿಸಿ ಕೆಳಗೆ ಮೇಡಂ ಮನೆಗೆ ನೀರಿಗೆ ಹೋದವಳು ಅಲ್ಲೇ ಮಾತಿಗೆ ಕೂತಳು. ನೋಟ್‌ಬುಕ್ಕು ಚಾಪೆಯ ಮೇಲಿತ್ತು. ನಾನು ವಯಸ್ಕರ ಶಿಕ್ಷಣದ ಕ್ಲಾಸಿನಲ್ಲಿ ಅಕ್ಷರ ಕಲಿತವಳು. ಒಂದು ಸಾಲು ಓದುವುದರಲ್ಲಿ ಒಲೆ ಮೇಲಿನ ಹಾಲು ಉಕ್ಕುತ್ತದೆ. ಆದರೂ ತೆಗೆದೆ. ಬೆರಳಿಟ್ಟು ತಲೆಬರಹ ಓದಿದೆ: 'ನನ್ನ ತಾಯಿ ಮತ್ತು ನನ್ನ ಅತ್ತೆ'.

ಬಾಗಿಲು ಮುಂದೆ ಮಾಡಿ ಕೂತೆ. ಬೈಗುಳ ಓದಲು ಸಿದ್ಧಳಾಗಿಯೇ ಕೂತೆ.

ಬೈಗುಳ ಇರಲಿಲ್ಲ. ಹೀಗಿತ್ತು: 'ನನಗೆ ಜ್ವರ ಬಂದರೆ ನನ್ನ ತಾಯಿ ಪಕ್ಕದಲ್ಲಿ ಕೂತು ಅಳುತ್ತಾಳೆ. ನನ್ನ ಅತ್ತೆ ಕೂಡುವುದಿಲ್ಲ. ನನ್ನ ಪಾಲಿನ ಕೆಲಸವನ್ನೆಲ್ಲ ಮಾಡುತ್ತಾರೆ, ಮಾಡಿದೆನೆಂದು ಓಣಿಗೆಲ್ಲ ಹೇಳುತ್ತಾರೆ. ನಾನು ಓದುತ್ತೇನೆ ಎಂದಾಗ ನನ್ನ ತಾಯಿ, ಈಗ ಯಾಕೆ ಮಗಳೇ, ದಣಿಯುತ್ತೀ ಎಂದಳು. ನನ್ನ ಅತ್ತೆ, ಓದು, ಆದರೆ ಬೀಳಬೇಡ ಎಂದರು. ಇಬ್ಬರೂ ನಾನು ಉಂಡೆನೋ ಇಲ್ಲವೋ ಎಂದು ಪಾತ್ರೆಯನ್ನು ನೋಡಿ ತಿಳಿಯುತ್ತಾರೆ, ನನ್ನನ್ನು ಕೇಳುವುದಿಲ್ಲ.'

ಕೊನೆಗೆ ಬಂದೆ. 'ನನ್ನ ತಾಯಿ ನನ್ನನ್ನು ಯಾರಿಗೂ ಹೋಲಿಸುವುದಿಲ್ಲ. ಅದಕ್ಕೇ ನನ್ನ ತಪ್ಪು ಅವಳಿಗೆ ಕಾಣುವುದಿಲ್ಲ. ನನ್ನ ಅತ್ತೆ ದಿನವೂ ಹೋಲಿಸುತ್ತಾರೆ. ಆದರೆ ಅಕ್ಕನ ಮೊದಲನೇ ಚಿಪ್ಪನ್ನು ನನ್ನ ಕೊನೆಯ ಚಿಪ್ಪಿಗೆ ಇಟ್ಟು ನೋಡುತ್ತಾರೆ.' ಅದರ ಕೆಳಗೆ ಖಾಲಿ. ತೂಗಿ ಏನು ತಿಳಿಯಿತು ಎನ್ನುವುದನ್ನು ಬರೆದಿರಲಿಲ್ಲ.

ನೋಟ್‌ಬುಕ್ಕು ಇದ್ದಲ್ಲೇ ಇಟ್ಟೆ. ಅಳು ಬರಲಿಲ್ಲ, ಸಿಟ್ಟು ಬಂತು. ತೂಕ ಸರಿಯಾಗಿತ್ತು, ಅದಕ್ಕೇ ಬಂತು. ಆ ದಲಾಲಿಯನ್ನು ಎಷ್ಟು ವರ್ಷ ಬೈದಿದ್ದೆ!

ಸಂಜೆ ಚಹಾ ಮಾಡಿ ಅವಳ ಮುಂದಿಟ್ಟೆ. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ರೂಢಿಯಿಲ್ಲ.

"ಜ್ವರ ಬಂದಾಗ ನಾ ಬರೇ ಕೆಲಸ ಮಾಡಿಲ್ಲ" ಎಂದೆ. "ನಿನ್ನ ಹಣಿಗೆ ಹಸಿಬಟ್ಟಿನೂ ಹಾಕೀನಿ. ನೀ ಕಣ್ಣ ಮುಚ್ಚಿದ್ದಿ. ಅದನ್ನ ಬಿಟ್ಟೀದಿ."

ಅವಳ ಕೈಯಲ್ಲಿನ ಕಪ್ಪು ನಿಂತಿತು. "ಓದಿದ್ರೇನ್ರಿ?"

"ಓದಿದೆ."

"ಎಲ್ಲಾ?"

"ಮೋರಿಗೆ ಹೋಗಿದ್ದು ಬಿಟ್ಟು ಎಲ್ಲಾ."

ಸುಜಾತಾ ನನ್ನ ಮುಖ ನೋಡಿದಳು. ನಗು ತಡೆಯಲು ನೋಡಿದಳು. ಆಗಲಿಲ್ಲ, ಚಹಾ ಮೂಗಿಗೆ ಏರಿತು. ಕೆಮ್ಮುತ್ತಲೇ ಪೆನ್ನು ತೆಗೆದು ಹಸಿಬಟ್ಟೆಯನ್ನು ಸೇರಿಸಿದಳು.

"ಕಡೀಗೆ ಯಾಕ ಖಾಲಿ ಬಿಟ್ಟೀದಿ?" ಎಂದು ಕೇಳಿದೆ.

"ಇನ್ನಾ ತೂಗಾಕತ್ತೀನ್ರಿ" ಎಂದಳು.

ಪರೀಕ್ಷೆಯ ದಿನ ಬಿಸಿಲು ತಲೆಯ ಮೇಲೆ ಕೆಂಡ ಸುರಿದಂತಿತ್ತು. ಪರೀಕ್ಷೆ ನಡೆಯುವ ಕಾಲೇಜಿನ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಮೂರು ತಾಸು ಕೂತೆ. ಹಿಂದಿನ ಎರಡು ಸಲ ಅವಳು ಹೇಗೆ ಹೊರಬಂದಿದ್ದಳೋ ನನಗೆ ಗೊತ್ತಿಲ್ಲ. ಜೊತೆಗೆ ಯಾರೂ ಬಂದಿರಲಿಲ್ಲ. ಈ ಸಲ ಹೊರಬಂದವಳು ಮೊದಲು ನನ್ನ ಕೈಯಿಂದ ನೀರಿನ ಬಾಟಲಿ ಕಸಿದುಕೊಂಡು ಕುಡಿದಳು.

"ಏನ್ ಕೊಟ್ಟಿದ್ರು?"

"ಪತ್ರ ಮತ್ತ ಫೋನ್."

"ಬರದ್ಯಾ?"

"ಬರದೀನ್ರಿ. ಮೊದಲ ಹಾಳಿ ಹಿಂದ ಗೆರಿ ಎಳಕೊಂಡೆ. ಎಷ್ಟೊತ್ತಿಗೆ ಮುಟ್ಟತದ, ಏನೇನ್ ಹೇಳಬಹುದು, ಎಷ್ಟ್ ದಿನ ಉಳೀತದ. ಎರಡೂ ಕಡೆ ತುಂಬೀನಿ. ಎರಡೂ ದೂರದವರ ಸಲುವಾಗೇ ಹುಟ್ಟಿದ್ದು ಅಂತ, ಒಂದೇ ಆಗಿದ್ದನ್ನೂ ಬರದೀನಿ."

"ಕಡೀಗೆ?"

"ಅವಸರದ ಮಾತಿಗೆ ಫೋನ್ ಬೇಕು. ಎದುರಿಗೆ ಆಡಾಕ ಆಗದ ಮಾತಿಗೆ ಬರದದ್ದೇ ಬೇಕು ಅಂತ ಬರದೀನಿ."

ಅವಳಿಗೆ ಕಬ್ಬಿನ ಹಾಲು ಕುಡಿಸಿದೆ. ಮರುದಿನ ಕೋಣೆ ತೊಳೆದು ಕೊಟ್ಟು ಊರಿಗೆ ಬಂದೆವು. ಮೇಡಂ ಗೇಟಿನ ತನಕ ಬಂದು, "ಅಮ್ಮಾ, ನೀವು ಇನ್ನೊಂದು ವರ್ಷ ಇದ್ದಿದ್ರ ನನ್ನ ಕೆಲಸ ಹೋಗ್ತಿತ್ತು" ಎಂದರು.

ಮಳೆಗಾಲವೆಲ್ಲ ಕಾಯುವುದರಲ್ಲೇ ಹೋಯಿತು. ತೊಗರಿ ಮೊಣಕಾಲುದ್ದ ಬಂತು, ಎದೆಯುದ್ದ ಬಂತು, ರಿಸಲ್ಟ್ ಬರಲಿಲ್ಲ. ಶಾಲೆಯವರು ಎರಡು ಸಲ ಕೇಳಿದರು. ದಸರಾ ರಜೆ ಶುರುವಾದ ದಿನ ಸುಜಾತಾಳ ಕಡೆಯಿಂದ ತರಗತಿಯ ಕಪಾಟಿನ ಕೀಲಿ ಇಸಿದುಕೊಂಡರು. ಅವಳು ಬಂದು ಬಟ್ಟೆ ಒಗೆಯಲು ಕೂತಳು. ಒಗೆದದ್ದನ್ನೇ ಮತ್ತೆ ಒಗೆದಳು.

ರಜೆ ಮುಗಿಯಲು ನಾಲ್ಕು ದಿನವಿದ್ದಾಗ ರಿಸಲ್ಟ್ ಬಂತು. ಅಂಗಳದಲ್ಲಿ ನಾವು ಮೂರೂ ಜನ ಜೋಳ ಹಸನು ಮಾಡುತ್ತಿದ್ದೆವು. ಸುಜಾತಾ ಮೊಬೈಲ್ ಹಿಡಿದು ನಂಬರ್ ಒತ್ತಿದಳು. ಪರದೆ ತೆರೆದದ್ದೇ ತಡ, ನೋಡದೆ ಮೊಬೈಲನ್ನು ನನ್ನ ಮಡಿಲಿಗೆ ಹಾಕಿದಳು.

"ಅತ್ತಿ, ನೀವ ನೋಡ್ರಿ."

"ನನಗ ಇಂಗ್ಲಿಷ್ ಓದಾಕ ಎಲ್ಲಿ ಬರ್ತದ ಹುಡುಗಿ?"

"ಅಂಕಿ ಬರ್ತಾವಲ್ರಿ."

ಅಂಕಿ ಬರುತ್ತವೆ. ಅಕ್ಷರ ನನ್ನನ್ನು ಆಟ ಆಡಿಸುತ್ತವೆ, ಅಂಕಿ ಆಡಿಸುವುದಿಲ್ಲ. ಕಣ್ಣಿನ ಹತ್ತಿರ ಹಿಡಿದೆ. ಪಾಸಿಗೆ ಬೇಕಾದದ್ದು ಮೂವತ್ತೈದು. ಅಲ್ಲಿ ಐದು, ಅದರ ಪಕ್ಕ ಎಂಟು. ಇನ್ನೊಮ್ಮೆ ನೋಡಿದೆ.

"ಐವತ್ತೆಂಟು" ಎಂದೆ. "ಇನ್ನೆರಡು ಬಂದಿದ್ರ ಅರವತ್ತು ಆಗ್ತಿತ್ತು."

ಸುಜಾತಾ ಜೋಳದ ಮೊರವನ್ನು ದಾಟಿ ಬಂದು ನನ್ನ ಹೆಗಲಿಗೆ ಮುಖ ಒತ್ತಿದಳು. ಅಂಗಳದ ತುಂಬ ಜೋಳ ಚೆಲ್ಲಿತು. ಕೆಟ್ಟ ಸಿಟ್ಟು ಬಂತು. ಆದರೂ ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಅಂದೇ ಮಧ್ಯಾಹ್ನ ಕಾಗದ ತೆಗೆಸಿಕೊಂಡು ಶಾಲೆಯ ದೊಡ್ಡ ಟೀಚರ ಮನೆಗೆ ಹೋಗಿ ಕೀಲಿ ಇಸಿದುಕೊಂಡು ಬಂದಳು. ಸೆರಗಿನ ತುದಿಗೆ ಗಂಟು ಹಾಕಿದ್ದಳು.

ಚೆಲ್ಲಿದ ಜೋಳವನ್ನು ಇನ್ನೂ ಆರಿಸುತ್ತ ಕೂತಿದ್ದ ಕಸ್ತೂರಿ ತಲೆ ಎತ್ತದೆ ಕೇಳಿದಳು:

"ಅತ್ತಿ, ನಾ ಬರದಿದ್ರ ಎಷ್ಟ್ ಬೀಳ್ತಿದ್ವು? ನಂದೇ ಹೆಚ್ಚ ಬೀಳ್ತಿದ್ವಿಲ್ಲೋ?"

ಚೇಷ್ಟೆಯ ದನಿ. ವರ್ಷಗಟ್ಟಲೆ ಅವಳಿಗೆ ಕೊಟ್ಟು ರೂಢಿಯಾದ ಉತ್ತರ ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಸುಜಾತಾ ಕಂಬ ಹಿಡಿದು ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನೀ ಕೂತಿಲ್ಲ" ಎಂದೆ. "ಕೂಡಲಾರದ ಪರೀಕ್ಷಾಕ್ಕ ನಾ ಮಾರ್ಕ್ಸ್ ಹಾಕಂಗಿಲ್ಲ."

ಕಸ್ತೂರಿಯ ಕೈ ನಿಂತಿತು. ನಗುತ್ತಾಳೆಂದುಕೊಂಡೆ. ನಗಲಿಲ್ಲ. ಎಂಟನೆಯ ತರಗತಿಗೆ ಅವಳನ್ನು ಶಾಲೆ ಬಿಡಿಸಿದ್ದರು. ರೊಟ್ಟಿ ಛಲೋ ಬಡಿಯುತ್ತಾಳೆ ಎನ್ನುವುದರ ಆಚೆಗೆ ನಾನು ಅವಳನ್ನು ಏನೂ ಕೇಳಿದವಳಲ್ಲ.

"ಕೂತ್ರ," ಎಂದಳು, ಕಾಳುಗಳನ್ನೇ ನೋಡುತ್ತ, "ನನ್ನ ಕೂಡನೂ ಆ ರೂಮಿಗೆ ಬರ್ತೀರೇನ್ರಿ?"

"ಬರ್ತೀನಿ" ಎಂದೆ. "ಮನ್ಯಾಗ ರೊಟ್ಟಿ ಯಾರ್ ಬಡೀತಾರ, ಅದನ್ನ ಮೊದಲ ಹೇಳ್ರಿ."

"ನಾ ಬಡೀತೀನ್ರಿ" ಎಂದಳು ಸುಜಾತಾ.

ಕಸ್ತೂರಿ ಆಗ ನಕ್ಕಳು. ನಾನೂ ನಕ್ಕೆ. "ಎರಡು ತಿಂಗಳು ಎಮ್ಮಿ ಕಿವಿ ತಿಂದು ನನ್ನ ಮಕ್ಕಳು ಸಾಯಂಗಿಲ್ಲ" ಎಂದೆ. ಸುಜಾತಾ ಒಳಗೆ ಹೋಗಿ ಕಾಗದ ಪೆನ್ನು ತಂದು, ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟುವವರು ಏನೇನು ಕೊಡಬೇಕೆಂದು ಕಸ್ತೂರಿಗೆ ಬರೆದುಕೊಡಲು ಕೂತಳು.